ಮಗುವಿನ ಹಲ್ಲು ಹುಳುಕಾದರೆ ಅಮ್ಮನನ್ನು ಬೈಯುವುದು ನಿಲ್ಲಿಸಿ

ಕೈವಾರದ ಸುತ್ತಮುತ್ತ ಯಾವ ಊರಲ್ಲಾದರೂ ನೋಡಿ. ಮೂರು-ನಾಲ್ಕು ವರ್ಷದ ಮಕ್ಕಳು ಬಾಯ್ತುಂಬ ನಕ್ಕಾಗ ಮೇಲಿನ ಮುಂದಿನ ಹಲ್ಲುಗಳು ಕಪ್ಪಾಗಿ, ಮೊಟಕಾಗಿ, ಒಸಡಿನ ಹತ್ತಿರ ತಿಂದುಹೋಗಿರುವುದು ಕಾಣುತ್ತದೆ. ಕನ್ನಡದಲ್ಲಿ ಹುಳುಕು ಹಲ್ಲು ಅಂತೀವಿ, ತೆಲುಗು ಮಾತಾಡುವ ಮನೆಗಳಲ್ಲಿ ಪಿಪ್ಪಿ ಪನ್ನು ಅಂತಾರೆ. ಹೆಸರು ಯಾವುದಾದರೂ ಆಮೇಲೆ ಬರುವ ಮಾತು ಒಂದೇ: "ಏನಮ್ಮಾ, ಚಾಕೊಲೇಟ್ ಕೊಟ್ಟೂ ಕೊಟ್ಟೂ ಮಗು ಬಾಯಿ ಹಾಳು ಮಾಡಿದ್ದೀಯಲ್ಲ!"

ಈ ಮಾತನ್ನು ನೆಂಟರು ಹೇಳುತ್ತಾರೆ, ಓದಿದವರು ಹೇಳುತ್ತಾರೆ, ಕೆಲವು ಡಾಕ್ಟರೂ ಹೇಳುತ್ತಾರೆ. ಕಾರಿನಲ್ಲಿ ಬಂದ ತಾಯಿಗೆ "ನೀವು ಸ್ವಲ್ಪ ನೋಡಿಕೊಳ್ಳಬೇಕಿತ್ತು ಮೇಡಂ" ಎನ್ನುವವರೇ, ಕೂಲಿಯಿಂದ ನೇರ ಬಂದ ತಾಯಿಗೆ "ನಿನಗೆ ಅಷ್ಟೂ ಗೊತ್ತಾಗಲ್ವಾ" ಎನ್ನುತ್ತಾರೆ. ರೋಗ ಒಂದೇ, ಬೈಗುಳ ಮಾತ್ರ ಬೇರೆ ಬೇರೆ.

ನಾವು ಹೇಳುವುದು ಇಷ್ಟೇ. ಸಣ್ಣ ಮಕ್ಕಳ ಹಲ್ಲು ಹುಳುಕಾಗುವುದು ತಾಯಿಯ ದಡ್ಡತನದಿಂದ ಅಲ್ಲ. ಅದು ಕೂಲಿ, ಕೆಲಸದ ಹೊತ್ತು, ಅಗ್ಗದ ಸಕ್ಕರೆ, ದೂರದ ಡಾಕ್ಟರು ಇವೆಲ್ಲ ಸೇರಿ ಆಗುವ ಕಾಯಿಲೆ. ತಾಯಿಯನ್ನು ಬೈದರೆ ಇವುಗಳಲ್ಲಿ ಒಂದೂ ಬದಲಾಗುವುದಿಲ್ಲ. ಬದಲಾಯಿಸಬೇಕಾದವರು ಮಾತ್ರ ಆರಾಮವಾಗಿ ತಪ್ಪಿಸಿಕೊಳ್ಳುತ್ತಾರೆ.

ಹುಳುಕಿನಲ್ಲಿ ಹುಳ ಇಲ್ಲ

ಮೊದಲು ರೋಗ ಏನು ಅಂತ ತಿಳಿದುಕೊಳ್ಳೋಣ. ಹುಳುಕು ಎಂಬ ಮಾತಿನಲ್ಲೇ ಹುಳ ಇದೆ. ಹಾಗಾಗಿ ಹಲ್ಲಿನೊಳಗೆ ಹುಳ ಹೊಕ್ಕಿದೆ ಎಂದು ನಂಬಿದವರು ಇವತ್ತೂ ಇದ್ದಾರೆ. ಹುಳ ತೆಗೆಯುತ್ತೇವೆ ಎಂದು ದುಡ್ಡು ಕೀಳುವವರೂ ಇದ್ದಾರೆ. ಹಲ್ಲಿನಲ್ಲಿ ಯಾವ ಹುಳವೂ ಇಲ್ಲ.

ಎಲ್ಲರ ಬಾಯಲ್ಲೂ ಕಣ್ಣಿಗೆ ಕಾಣದ ಸೂಕ್ಷ್ಮಾಣುಗಳಿವೆ. ನಾವು ತಿಂದ ಸಕ್ಕರೆಯನ್ನೇ ಅವೂ ತಿಂದು ಆಮ್ಲ, ಅಂದರೆ ಹುಳಿ ಬಿಡುತ್ತವೆ. ಆ ಹುಳಿ ಹಲ್ಲಿನ ಮೇಲಿನ ಗಟ್ಟಿ ಪದರ ಎನಾಮಲನ್ನು ಕರಗಿಸುತ್ತದೆ. ಸಿಹಿ ತಿಂದ ಮೇಲೆ ಸುಮಾರು ಅರ್ಧ ಗಂಟೆ ಈ ಕರಗುವ ಕೆಲಸ ನಡೆಯುತ್ತದೆ. ಆಮೇಲೆ ಎಂಜಲು ನಿಧಾನವಾಗಿ ರಿಪೇರಿ ಮಾಡುತ್ತದೆ. ರಿಪೇರಿ ಮುಗಿಯುವ ಮೊದಲೇ ಮತ್ತೆ ಸಿಹಿ ಬಿದ್ದರೆ ಮತ್ತೆ ಕರಗು. ಹಾಲುಹಲ್ಲಿನ ಎನಾಮಲ್ ದೊಡ್ಡವರ ಹಲ್ಲಿನ ಎನಾಮಲಿಗಿಂತ ತೆಳು, ಹೆಚ್ಚುಕಡಿಮೆ ಅರ್ಧ. ಅದಕ್ಕೇ ಮಕ್ಕಳ ಹಲ್ಲು ಅಷ್ಟು ಬೇಗ ಹೋಗುವುದು.

ಇಲ್ಲಿ ಗಮನಿಸಬೇಕಾದ ಮಾತು: ಎಷ್ಟು ಸಕ್ಕರೆ ತಿಂದರು ಎನ್ನುವುದಕ್ಕಿಂತ ದಿನಕ್ಕೆ ಎಷ್ಟು ಸಲ ತಿಂದರು ಎನ್ನುವುದು ದೊಡ್ಡದು. ಜಾತ್ರೆಯಲ್ಲಿ ತಂದ ಬೆಂಡು ಬತ್ತಾಸು ವರ್ಷಕ್ಕೊಮ್ಮೆ. ಹಬ್ಬದ ಒಬ್ಬಟ್ಟು ವರ್ಷಕ್ಕೆ ನಾಲ್ಕೈದು ಸಲ. ಇವು ಹಲ್ಲು ಹಾಳು ಮಾಡಿದ್ದಲ್ಲ. ಬೆಳಗ್ಗೆ ಸಕ್ಕರೆ ಟೀಗೆ ಅದ್ದಿದ ಬಿಸ್ಕತ್ತು, ಹತ್ತು ಗಂಟೆಗೆ ಐದು ರೂಪಾಯಿ ಪ್ಯಾಕೆಟ್, ಮಧ್ಯಾಹ್ನ ಕೆನ್ನೆಯೊಳಗೆ ಅಂಟಿದ ಕ್ಯಾಂಡಿ, ಸಂಜೆ ಬನ್ನು, ರಾತ್ರಿ ಮಲಗುವಾಗ ಸಕ್ಕರೆ ಹಾಕಿದ ಹಾಲಿನ ಬಾಟಲಿ. ಹಾಳು ಮಾಡಿದ್ದು ಇದು. ಬೆಲ್ಲವಾದರೆ ಪರವಾಗಿಲ್ಲ ಅಂದುಕೊಳ್ಳಬೇಡಿ. ಸೂಕ್ಷ್ಮಾಣುಗಳಿಗೆ ಬೆಲ್ಲ ಬೇರೆ, ಸಕ್ಕರೆ ಬೇರೆ ಅಂತ ಇಲ್ಲ.

"ನಮ್ಮ ಕಾಲದಲ್ಲಿ ಬೇವಿನ ಕಡ್ಡಿ, ಇದ್ದಿಲು ಅಷ್ಟೇ, ಹಲ್ಲು ಕಬ್ಬಿಣದ ಹಾಗಿತ್ತು" ಎನ್ನುವ ಅಜ್ಜಂದಿರಿಗೆ ಕೈಮುಗಿದು ಹೇಳುತ್ತೇವೆ: ತಾತಾ, ಕಾಪಾಡಿದ್ದು ಬರೀ ಬೇವಿನ ಕಡ್ಡಿ ಅಲ್ಲ. ಆಗ ಸಕ್ಕರೆ ಡಬ್ಬಿ ನೆಂಟರು ಬಂದಾಗ ಮಾತ್ರ ಕೆಳಗಿಳಿಯುತ್ತಿತ್ತು. ಹಿಂದೆ ಸಿರಿವಂತರ ಮಕ್ಕಳ ಕಾಯಿಲೆಯಾಗಿದ್ದದ್ದು ಈಗ ಬಡವರ ಮಕ್ಕಳ ಕಾಯಿಲೆಯಾಗಿದೆ. ಸಕ್ಕರೆ ಅಗ್ಗವಾಯಿತು, ಸೊಪ್ಪು, ಹಣ್ಣು, ಮೊಟ್ಟೆ ದುಬಾರಿಯಾದವು.

ಯಾರ ಮನೆಯ ಮಕ್ಕಳಿಗೆ?

ಇದು ನಮ್ಮ ಕಲ್ಪನೆ ಅಲ್ಲ. ಭಾರತೀಯ ದಂತ ವೈದ್ಯಕೀಯ ಪರಿಷತ್ತು 2002-03ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ 5 ವರ್ಷದ ಮಕ್ಕಳಲ್ಲಿ ಶೇ 51.9ರಷ್ಟು ಮಂದಿಗೆ ಹುಳುಕು ಹಲ್ಲು ಕಂಡಿತ್ತು. ಅಂದರೆ ಇಬ್ಬರಲ್ಲಿ ಒಬ್ಬರಿಗೆ. ಪಕ್ಕದ ಕೇರಳದಲ್ಲಿ 2003ರಲ್ಲಿ ಪ್ರಕಟವಾದ ಒಂದು ಅಧ್ಯಯನ ನಾಲ್ಕು ವರ್ಷದೊಳಗಿನ ಮಕ್ಕಳ ಬಾಯಿ ನೋಡಿತು. ಶೇ 44ರಷ್ಟು ಮಕ್ಕಳಿಗೆ ಹುಳುಕಿತ್ತು, ಬಡ ಮನೆಗಳ ಮಕ್ಕಳಲ್ಲಿ ಹೆಚ್ಚಿತ್ತು. ಓದು ಬರಹದಲ್ಲಿ ಮುಂದಿರುವ ಕೇರಳದಲ್ಲೇ ಹೀಗೆ.

ಸಿರಿವಂತ ದೇಶಗಳಲ್ಲೂ ಇದೇ ಕಥೆ. ಇಂಗ್ಲೆಂಡಿನ 2022ರ ಸಮೀಕ್ಷೆಯಲ್ಲಿ ಅತಿ ಬಡ ಪ್ರದೇಶಗಳ 5 ವರ್ಷದ ಮಕ್ಕಳಲ್ಲಿ ಶೇ 35.1ರಷ್ಟು ಮಂದಿಗೆ ಹುಳುಕಿತ್ತು. ಅತಿ ಸ್ಥಿತಿವಂತ ಪ್ರದೇಶಗಳಲ್ಲಿ ಶೇ 13.5 ಮಾತ್ರ. ದೇಶ ಒಂದೇ, ಟಿವಿಯಲ್ಲಿ ಬರುವ ಚಾಕೊಲೇಟ್ ಜಾಹೀರಾತೂ ಒಂದೇ. ಬಡ ತಾಯಂದಿರಿಗೆ ಮಕ್ಕಳ ಮೇಲೆ ಪ್ರೀತಿ ಎರಡೂವರೆ ಪಟ್ಟು ಕಡಿಮೆ ಅಂತ ಯಾರಾದರೂ ಹೇಳುತ್ತಾರಾ?

ವಿಶ್ವ ಆರೋಗ್ಯ ಸಂಸ್ಥೆ 2022ರ ವರದಿಯಲ್ಲಿ ಕೊಟ್ಟ ಲೆಕ್ಕದ ಪ್ರಕಾರ ಜಗತ್ತಿನಲ್ಲಿ 51 ಕೋಟಿಗೂ ಹೆಚ್ಚು ಮಕ್ಕಳಿಗೆ ಹಾಲುಹಲ್ಲಿನ ಹುಳುಕಿದೆ. ಇಷ್ಟು ಕೋಟಿ ಅಮ್ಮಂದಿರು ಒಟ್ಟಿಗೆ ತಪ್ಪು ಮಾಡಲು ಸಾಧ್ಯವಿಲ್ಲ.

ಆ ತಾಯಿಯ ಒಂದು ದಿನ

ಈಗ ನಮ್ಮ ಕಡೆ ಬನ್ನಿ. ಚಿಂತಾಮಣಿ ಸುತ್ತ ಟೊಮೆಟೊ ಕೀಳಲು ಹೋಗುವ ಹೆಣ್ಣುಮಕ್ಕಳು ಬೆಳಕು ಹರಿಯುವ ಹೊತ್ತಿಗೆ ಆಟೋದಲ್ಲೋ ಟೆಂಪೋದಲ್ಲೋ ಹತ್ತಿರುತ್ತಾರೆ. ಚಿಕ್ಕಬಳ್ಳಾಪುರದ ಕಡೆ ಹೂ ಬಿಡಿಸುವವರು ಇನ್ನೂ ಬೇಗ. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವವರು ಬಿಸಿನೀರಿನ ಹಬೆಯಲ್ಲಿ ದಿನವಿಡೀ ನಿಲ್ಲುತ್ತಾರೆ. ಗೌರಿಬಿದನೂರಿನ ಗಾರ್ಮೆಂಟ್ಸ್ ವ್ಯಾನು ಯಾರಿಗೂ ಕಾಯುವುದಿಲ್ಲ.

ಈ ತಾಯಿ ಎದ್ದು ನೀರು ಹಿಡಿದು, ಸಾರು ಮಾಡಿ, ಮುದ್ದೆ ಕಟ್ಟಿ, ದನಕ್ಕೆ ಹುಲ್ಲು ಹಾಕಿ ಹೊರಡುವಾಗ ಮಗು ಇನ್ನೂ ಮಲಗಿರುತ್ತದೆ. ಎದ್ದ ಮಗುವನ್ನು ನೋಡಿಕೊಳ್ಳುವುದು ಅಜ್ಜಿ, ಇಲ್ಲವೇ ಏಳೆಂಟು ವರ್ಷದ ಅಕ್ಕ. ಅತ್ತರೆ ಸುಮ್ಮನಾಗಿಸಲು ಅಜ್ಜಿಯ ಸೆರಗಿನ ಗಂಟಿನಲ್ಲಿ ಐದು ರೂಪಾಯಿ ಇರುತ್ತದೆ. ಅಂಗಡಿಯಲ್ಲಿ ಐದು ರೂಪಾಯಿಗೆ ಬಾಳೆಹಣ್ಣು ಒಂದು ಸಿಕ್ಕರೆ ಹೆಚ್ಚು, ಮೊಟ್ಟೆ ಸಿಗುವುದಿಲ್ಲ. ಬಿಸ್ಕತ್ತಿನ ಪೊಟ್ಟಣ ಪೂರ್ತಿ ಸಿಗುತ್ತದೆ, ಮಗುವಿನ ಹೊಟ್ಟೆ ತುಂಬಿದ ಹಾಗೂ ಆಗುತ್ತದೆ. ಅಜ್ಜಿ ಮಾಡಿದ ಲೆಕ್ಕದಲ್ಲಿ ತಪ್ಪಿಲ್ಲ. ಬೆಲೆ ಕಟ್ಟಿದವರ ಲೆಕ್ಕದಲ್ಲಿ ತಪ್ಪಿದೆ.

ಸಂಜೆ ಸೊಂಟ ಬಿದ್ದುಹೋದ ಹಾಗಾಗಿ ತಾಯಿ ಮನೆಗೆ ಬರುತ್ತಾಳೆ. ರಾತ್ರಿ ಮಲಗುವ ಮುನ್ನ ಹಲ್ಲುಜ್ಜಿಸುವುದು ಬೆಳಗ್ಗೆ ಉಜ್ಜಿಸುವುದಕ್ಕಿಂತ ಮುಖ್ಯ. ನಿದ್ದೆಯಲ್ಲಿ ಎಂಜಲು ಕಡಿಮೆಯಾಗುವುದರಿಂದ ಹಲ್ಲಿಗೆ ಕಾವಲು ಇರುವುದಿಲ್ಲ. ಆದರೆ ಆ ಹೊತ್ತಿಗೆ ಮಗು ಊಟದ ಮುಂದೆಯೇ ತೂಕಡಿಸಿ ಮಲಗಿರುತ್ತದೆ. ಆರೇಳು ವರ್ಷದವರೆಗೆ ಮಗು ತಾನೇ ಸರಿಯಾಗಿ ಹಲ್ಲುಜ್ಜಲಾರದು, ದೊಡ್ಡವರ ಕೈ ಬೇಕು. ದಿನಕ್ಕೆ ಎರಡು ಸಲ, ಎರಡೆರಡು ನಿಮಿಷ ಬಿಡುವಾದ ಒಂದು ಕೈ. ಬಡವರ ಮನೆಯಲ್ಲಿ ಇಲ್ಲದ್ದು ಬುದ್ಧಿ ಅಲ್ಲ, ಆ ಕೈಗೆ ಬಿಡುವು.

"ಸಾಹುಕಾರರ ಮಕ್ಕಳೂ ಚಾಕೊಲೇಟ್ ತಿನ್ನಲ್ವಾ?" ಎಂದು ಕೇಳುವವರಿದ್ದಾರೆ. ತಿನ್ನುತ್ತಾರೆ. ಆದರೆ ಅವರ ಹಲ್ಲಿನಲ್ಲಿ ಒಸಡಿನ ಹತ್ತಿರ ಸುಣ್ಣ ಬಳಿದಂಥ ಬಿಳಿ ಗೆರೆ ಕಂಡಾಗಲೇ ಡಾಕ್ಟರ ಹತ್ತಿರ ಹೋಗುತ್ತಾರೆ. ಆ ಹಂತದಲ್ಲಿ ಹಲ್ಲನ್ನು ಉಳಿಸಬಹುದು. ಬಡ ಮಗುವಿನ ಹಲ್ಲಿನಲ್ಲಿ ಬಿಳಿ ಗೆರೆ ಕಂದಾಗಿ, ಕಂದು ಕಪ್ಪಾಗಿ, ಕಪ್ಪು ತೂತಾಗಿ, ತೂತು ನರಕ್ಕೆ ಮುಟ್ಟಿ, ಮಗು ರಾತ್ರಿಯೆಲ್ಲ ಕಿರುಚಿದ ಮೇಲೆ ಡಾಕ್ಟರ ಮುಖ ಕಾಣುತ್ತದೆ.

ಏಕಚಕ್ರಪುರದ ಸರದಿ

ಕೈವಾರವೇ ಮಹಾಭಾರತದ ಏಕಚಕ್ರಪುರ ಎಂದು ನಮ್ಮ ಹಿರಿಯರು ಹೇಳುತ್ತಾರೆ. ಬಕಾಸುರನಿಗೆ ಬಂಡಿ ಅನ್ನ, ಜೊತೆಗೆ ಒಬ್ಬ ಮನುಷ್ಯ. ಆ ಕಥೆಯಲ್ಲಿ ಒಂದು ನ್ಯಾಯವಿತ್ತು: ಸರದಿ ಎಲ್ಲ ಮನೆಗೂ ಬರುತ್ತಿತ್ತು. ಹುಳುಕಿನ ವಿಷಯದಲ್ಲಿ ಆ ನ್ಯಾಯವೂ ಇಲ್ಲ. ಸರದಿ ಬಹಳಷ್ಟು ಸಲ ಕೂಲಿಯವರ ಮನೆಗೇ ಬರುತ್ತದೆ.

ಹಲ್ಲುನೋವಿನ ಖರ್ಚು ನೋಡಿ. ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಾಮಾನ್ಯವಾಗಿ ಹಲ್ಲಿನ ಡಾಕ್ಟರ ಹುದ್ದೆಯೇ ಇರುವುದಿಲ್ಲ. ಸರ್ಕಾರಿ ಹಲ್ಲಿನ ಡಾಕ್ಟರು ಬೇಕೆಂದರೆ ಸಮುದಾಯ ಆರೋಗ್ಯ ಕೇಂದ್ರಕ್ಕೋ ತಾಲ್ಲೂಕು ಆಸ್ಪತ್ರೆಗೋ ಹೋಗಬೇಕು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ಸು ಫ್ರೀ ಆಗಿದೆ, ಒಳ್ಳೆಯದಾಯಿತು. ಆದರೆ ಬಸ್ಸು ಫ್ರೀ ಆದರೆ ದಿನ ಫ್ರೀ ಆಗುವುದಿಲ್ಲ. ಉದ್ಯೋಗ ಖಾತ್ರಿಯ 2025-26ರ ಕೂಲಿ 370 ರೂಪಾಯಿ. ಆಸ್ಪತ್ರೆಗೆ ಹೋದ ದಿನ ಆ ದುಡ್ಡು ಇಲ್ಲ. ಮಗುವಿನ ಹಲ್ಲಿನ ನರದ ಚಿಕಿತ್ಸೆಗೆ ಒಂದು ದಿನ ಸಾಲದು, ಎರಡು ಮೂರು ಸಲ ಬಾ ಅನ್ನುತ್ತಾರೆ. ಪ್ರೈವೇಟ್ ಕ್ಲಿನಿಕ್ಕಿಗೆ ಹೋದರೆ ಬಿಲ್ಲು ಸಾವಿರಗಳಲ್ಲಿ. ಹಾಗಾಗಿ ಮೆಡಿಕಲ್ ಸ್ಟೋರಿನ ನೋವಿನ ಮಾತ್ರೆ, ಲವಂಗದ ಎಣ್ಣೆ, ಕೊನೆಗೆ ಕೀಳಿಸುವುದು. ಇದು ನಿರ್ಲಕ್ಷ್ಯ ಅಲ್ಲ. ಇರುವ ದಾರಿ ಅದೊಂದೇ.

ಕರ್ನಾಟಕದಲ್ಲಿ ನಲವತ್ತಕ್ಕೂ ಹೆಚ್ಚು ದಂತ ವೈದ್ಯಕೀಯ ಕಾಲೇಜುಗಳಿವೆ. ಬೆಂಗಳೂರಿನ ಸರ್ಕಾರಿ ದಂತ ಕಾಲೇಜು 1958ರಿಂದ ಇದೆ. ಪ್ರತಿ ವರ್ಷ ಸಾವಿರಾರು ಹೊಸ ದಂತವೈದ್ಯರು ಹೊರಬರುತ್ತಾರೆ. ಅವರಲ್ಲಿ ಬಹಳ ಮಂದಿ ಬೆಂಗಳೂರಿನ ಒಂದೇ ರಸ್ತೆಯಲ್ಲಿ ಬೋರ್ಡು ಪಕ್ಕ ಬೋರ್ಡು ಹಾಕಿಕೊಂಡು ಪೇಷೆಂಟಿಗಾಗಿ ಕಾಯುತ್ತಾರೆ. ಇಲ್ಲಿ ಮಕ್ಕಳು ಡಾಕ್ಟರಿಗಾಗಿ ಕಾಯುತ್ತವೆ. ಡಾಕ್ಟರು ಇಲ್ಲ ಎನ್ನುವ ಮಾತು ಸುಳ್ಳು. ಹಳ್ಳಿಯಲ್ಲಿ ಅವರಿಗೆ ಕೆಲಸ ಕೊಡಲಿಲ್ಲ ಎನ್ನುವುದು ನಿಜ.

ಬಿಪಿಎಲ್ ಕುಟುಂಬದ ಹಿರಿಯರಿಗೆ ಉಚಿತವಾಗಿ ಹಲ್ಲಿನ ಸೆಟ್ ಕೊಡುವ ದಂತಭಾಗ್ಯ ಯೋಜನೆ ನಮ್ಮ ಸರ್ಕಾರ ಮಾಡಿತು. ಅಜ್ಜಿ ಮುದ್ದೆ ಜೊತೆ ಕಾಳು ಅಗಿಯುವಂತಾದರೆ ನಮಗೂ ಸಂತೋಷ. ಆದರೆ ಹಲ್ಲೆಲ್ಲ ಹೋದ ಮೇಲೆ ಕಟ್ಟಿಸಿಕೊಡುವ ಸರ್ಕಾರ, ಹಲ್ಲು ಹುಟ್ಟುವಾಗ ಎಲ್ಲಿತ್ತು?

"ಹಾಲುಹಲ್ಲು ತಾನೇ, ಬಿದ್ದುಹೋಗುತ್ತೆ ಬಿಡು"

ಬೈಗುಳದಷ್ಟೇ ಕೆಟ್ಟ ಇನ್ನೊಂದು ಮಾತು ಇದು. ಮುಂದಿನ ಹಾಲುಹಲ್ಲು ಆರೇಳು ವರ್ಷಕ್ಕೆ ಬೀಳುತ್ತವೆ, ನಿಜ. ಆದರೆ ಹಿಂದಿನ ಹಾಲು ದವಡೆ ಹಲ್ಲುಗಳು ಹತ್ತು-ಹನ್ನೆರಡು ವರ್ಷದವರೆಗೂ ಇರಬೇಕು. ಐದನೇ ಕ್ಲಾಸು, ಆರನೇ ಕ್ಲಾಸಿನವರೆಗೆ ಮಗು ಅಗಿಯುವುದು ಅದರಲ್ಲೇ. ಬೇಗ ಹೋದರೆ ಪಕ್ಕದ ಹಲ್ಲು ಆ ಜಾಗಕ್ಕೆ ವಾಲಿಕೊಂಡು, ಕೆಳಗಿರುವ ಶಾಶ್ವತ ಹಲ್ಲು ಸೊಟ್ಟ ಬರುತ್ತದೆ.

ಇನ್ನೊಂದು ವಿಷಯ ತುಂಬ ಜನಕ್ಕೆ ಗೊತ್ತಿಲ್ಲ. ಸುಮಾರು ಆರು ವರ್ಷಕ್ಕೆ ಬಾಯಿಯ ಕೊನೆಯಲ್ಲಿ, ಯಾವ ಹಲ್ಲೂ ಬೀಳದೆ, ಹೊಸ ದವಡೆ ಹಲ್ಲು ಹುಟ್ಟುತ್ತದೆ. ಯಾವುದೂ ಬಿದ್ದಿಲ್ಲವಲ್ಲ ಎಂದು ಅದನ್ನೂ ಹಾಲುಹಲ್ಲು ಅಂದುಕೊಳ್ಳುತ್ತೇವೆ. ಅದು ಜೀವನಪೂರ್ತಿ ಇರಬೇಕಾದ ಹಲ್ಲು. ಅದೇ ಹುಳುಕಾದರೆ ಮತ್ತೆ ಹುಟ್ಟುವುದಿಲ್ಲ.

ಹುಳುಕು ಹಲ್ಲಿನ ಮಗು ಮುದ್ದೆ ನುಂಗುತ್ತದೆ, ಕಾಳು ಅಗಿಯುವುದಿಲ್ಲ. ಅಗಿಯುವಾಗ ನೋಯುತ್ತದೆ ಎಂದು ಮತ್ತೆ ಮೆತ್ತಗಿನ ಬಿಸ್ಕತ್ತನ್ನೇ ಕೇಳುತ್ತದೆ. ರಾತ್ರಿ ನಿದ್ದೆ ಇಲ್ಲ, ಹಗಲು ಪಾಠ ಇಲ್ಲ. ಫಿಲಿಪ್ಪೀನ್ಸ್ ದೇಶದ 2006ರ ಸಮೀಕ್ಷೆ ಆರು ವರ್ಷದ ಮಕ್ಕಳಲ್ಲಿ ಶೇ 97ರಷ್ಟು ಮಂದಿಗೆ ಹುಳುಕಿದೆ ಎಂದು ತೋರಿಸಿತು. ಅದೇ ಸಮೀಕ್ಷೆಯಲ್ಲಿ ನೋಡಿದ 12 ವರ್ಷದ ಮಕ್ಕಳಲ್ಲಿ, ಹುಳುಕು ಕೀವಾಗುವ ಮಟ್ಟಕ್ಕೆ ಹೋದವರ ತೂಕ ಎತ್ತರಕ್ಕೆ ತಕ್ಕಷ್ಟು ಇಲ್ಲದಿರುವುದು ಹೆಚ್ಚಾಗಿತ್ತು.

ಅಂಗನವಾಡಿಯಲ್ಲಿ ಮಗುವನ್ನು ತೂಗುತ್ತಾರೆ, ಎತ್ತರ ಅಳೆಯುತ್ತಾರೆ, ಕಾರ್ಡಿನಲ್ಲಿ ಬರೆಯುತ್ತಾರೆ. ತೂಕ ಕಡಿಮೆ ಇದ್ದರೆ ಇನ್ನಷ್ಟು ತಿನ್ನಿಸಿ ಎನ್ನುತ್ತಾರೆ. ತಿನ್ನುವ ಬಾಯಿ ತೆರೆಸಿ ಒಳಗೆ ನೋಡುವುದು ಮಾತ್ರ ಆ ಕಾರ್ಡಿನಲ್ಲಿ ಇಲ್ಲ.

ಎಲ್ಲವನ್ನೂ ನೀರಿನ ತಲೆಗೆ ಕಟ್ಟಬೇಡಿ

ನಮ್ಮ ಜಿಲ್ಲೆಯಲ್ಲಿ ಹಲ್ಲಿನ ಮಾತೆತ್ತಿದರೆ "ಅದು ಫ್ಲೋರೈಡ್ ನೀರು ಕಣ್ರೀ" ಎಂದು ಮಾತು ಮುಗಿಸುವ ಅಭ್ಯಾಸವಿದೆ. ಸಾವಿರ ಅಡಿ ದಾಟಿದ ಕೊಳವೆಬಾವಿಗಳು, ಅದರ ನೀರಿನ ಫ್ಲೋರೈಡ್ ಎರಡೂ ನಿಜ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂವರೆಗೆ ಇರಬಹುದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಎಂದು ಭಾರತೀಯ ಮಾನಕ ಹೇಳುತ್ತದೆ. ಅದನ್ನು ಮೀರಿದ ನೀರು ಕುಡಿದು ಬೆಳೆದ ಮಕ್ಕಳ ಹಲ್ಲು ಕಲೆಗಟ್ಟುತ್ತದೆ.

ಆದರೆ ಇವು ಎರಡು ಬೇರೆ ಬೇರೆ ಕಾಯಿಲೆ. ಫ್ಲೋರೈಡ್ ಕಲೆ ಹೆಚ್ಚಾಗಿ ಕಾಣುವುದು ಶಾಶ್ವತ ಹಲ್ಲಿನಲ್ಲಿ. ಸುಣ್ಣದ ಬಿಳಿ, ಹಳದಿ, ಕಂದು ಬಣ್ಣದ ಪಟ್ಟೆಗಳು ಎಡಕ್ಕೂ ಬಲಕ್ಕೂ ಒಂದೇ ಹಾಗೆ ಇರುತ್ತವೆ. ಹುಳುಕು ಹಾಗಲ್ಲ. ಅದು ಮೆತ್ತಗಾಗುತ್ತದೆ, ತೂತಾಗುತ್ತದೆ, ನೋಯುತ್ತದೆ. ಮೂರು ವರ್ಷದ ಮಗುವಿನ ಮುಂದಿನ ಹಲ್ಲು ಕರಗಿಹೋಗಿದ್ದರೆ ಅದಕ್ಕೆ ಕಾರಣ ಕೊಳವೆಬಾವಿ ಅಲ್ಲ, ಸಕ್ಕರೆ ಮತ್ತು ಸಿಗದ ಚಿಕಿತ್ಸೆ.

ನೀರಿನ ಮೇಲೆ ಹಾಕಿಬಿಟ್ಟರೆ ಎಲ್ಲರಿಗೂ ಸುಲಭ. ನೀರು ಯಾರ ಕೈಯಲ್ಲೂ ಇಲ್ಲ ಎಂದು ಸುಮ್ಮನಿರಬಹುದು. ಹುಳುಕನ್ನು ತಡೆಯುವುದು ನಮ್ಮ ಕೈಯಲ್ಲಿದೆ.

ಪ್ಯಾಕೆಟ್ ಮಾರುವವರು

ತಾಯಿಗೆ ಬುದ್ಧಿ ಹೇಳುವವರು ಪ್ಯಾಕೆಟ್ ಮಾರುವವರಿಗೆ ಏನು ಹೇಳಿದ್ದಾರೆ? 2024ರ ಏಪ್ರಿಲ್‌ನಲ್ಲಿ ಸ್ವಿಟ್ಜರ್ಲೆಂಡಿನ ಪಬ್ಲಿಕ್ ಐ ಸಂಸ್ಥೆ ಒಂದು ವರದಿ ಕೊಟ್ಟಿತು. ಭಾರತದಲ್ಲಿ ಮಾರುವ ನೆಸ್ಲೆ ಕಂಪನಿಯ ಸೆರೆಲ್ಯಾಕ್‌ನಲ್ಲಿ ಮಗುವಿಗೆ ಒಂದು ಸಲ ತಿನ್ನಿಸುವ ಪ್ರಮಾಣಕ್ಕೆ ಸರಾಸರಿ 2.7 ಗ್ರಾಂ ಸಕ್ಕರೆ ಸೇರಿಸಲಾಗಿದೆ, ಜರ್ಮನಿ ಮತ್ತು ಬ್ರಿಟನ್‌ನಲ್ಲಿ ಅದೇ ಬಗೆಯ ಆಹಾರಕ್ಕೆ ಸಕ್ಕರೆ ಸೇರಿಸಿಲ್ಲ ಎಂದು ಅದು ಹೇಳಿತು. ಐದು ವರ್ಷದಲ್ಲಿ ಶೇ 30ರವರೆಗೆ ಸಕ್ಕರೆ ಇಳಿಸಿದ್ದೇವೆ ಎಂದು ಕಂಪನಿ ಉತ್ತರಿಸಿತು, ಆಮೇಲೆ ಸಕ್ಕರೆ ಸೇರಿಸದ ಬಗೆಗಳನ್ನೂ ತಂದಿತು. ಅಂದರೆ ಸಕ್ಕರೆ ಇಲ್ಲದೆ ಮಾಡಲು ಮೊದಲಿನಿಂದಲೂ ಆಗುತ್ತಿತ್ತು. ಆರು ತಿಂಗಳ ಮಗುವಿನ ನಾಲಿಗೆಗೆ ಸಿಹಿಯ ರುಚಿ ಹತ್ತಿಸಿದ್ದು ಅಮ್ಮನೋ, ಡಬ್ಬಿಯೋ?

ತೆರಿಗೆ ನೋಡಿ. 2017ರ ಜುಲೈಯಿಂದ 2025ರ ಸೆಪ್ಟೆಂಬರ್ 21ರವರೆಗೆ ಟೂತ್‌ಪೇಸ್ಟ್ ಮತ್ತು ಬ್ರಷ್ ಮೇಲೆ ಶೇ 18 ಜಿಎಸ್‌ಟಿ ಇತ್ತು. ಸಕ್ಕರೆ ಮೇಲೆ ಶೇ 5. ಹಲ್ಲು ಉಳಿಸುವ ವಸ್ತುವಿಗೆ ಹಲ್ಲು ಕೆಡಿಸುವ ವಸ್ತುವಿಗಿಂತ ಮೂರು ಪಟ್ಟಿಗೂ ಹೆಚ್ಚು ತೆರಿಗೆ, ಎಂಟು ವರ್ಷ! ಈಗ ಪೇಸ್ಟ್ ಮತ್ತು ಬ್ರಷ್ ಶೇ 5ಕ್ಕೆ ಇಳಿದಿವೆ. ಬಿಸ್ಕತ್ತು, ಚಾಕೊಲೇಟುಗಳೂ ಅದೇ ದಿನ ಶೇ 5ಕ್ಕೆ ಇಳಿದವು.

ಬ್ರಿಟನ್ 2018ರಲ್ಲಿ ಸಕ್ಕರೆ ಹೆಚ್ಚಿರುವ ತಂಪು ಪಾನೀಯಗಳ ಮೇಲೆ ವಿಶೇಷ ತೆರಿಗೆ ಹಾಕಿತು. ತೆರಿಗೆ ತಪ್ಪಿಸಿಕೊಳ್ಳಲು ಕಂಪನಿಗಳೇ ಸಕ್ಕರೆ ಇಳಿಸಿದವು. ಆಮೇಲೆ ಹಲ್ಲು ಕೀಳಿಸಲು ಆಸ್ಪತ್ರೆಗೆ ಸೇರುವ ಮಕ್ಕಳು ಸುಮಾರು ಶೇ 12ರಷ್ಟು ಕಡಿಮೆಯಾದರು ಎಂದು ಇಂಗ್ಲೆಂಡಿನ ಅಧ್ಯಯನ ಹೇಳಿದೆ. ಯಾವ ಅಮ್ಮನನ್ನೂ ಯಾರೂ ಬೈಯಲಿಲ್ಲ, ಬೆಲೆ ಮಾತ್ರ ಬದಲಾಯಿತು.

ಆಗುವ ಕೆಲಸ, ಆಗಬೇಕಾದ ಕೆಲಸ

ಸ್ಕಾಟ್ಲೆಂಡಿನಲ್ಲಿ 2003ರಲ್ಲಿ ಶಾಲೆಗೆ ಸೇರುವ ಐದು ವರ್ಷದ ಮಕ್ಕಳಲ್ಲಿ ಹುಳುಕಿಲ್ಲದವರು ಶೇ 45 ಮಾತ್ರ ಇದ್ದರು. ಅವರು 'ಚೈಲ್ಡ್‌ಸ್ಮೈಲ್' ಎಂಬ ಕಾರ್ಯಕ್ರಮ ಮಾಡಿದರು. ಶಿಶುವಿಹಾರಗಳಲ್ಲಿ ಮಕ್ಕಳೆಲ್ಲ ಟೀಚರ್ ಮುಂದೆ ದಿನವೂ ಫ್ಲೋರೈಡ್ ಪೇಸ್ಟಿನಿಂದ ಹಲ್ಲುಜ್ಜುವುದು ಅದರ ಮುಖ್ಯ ಕೆಲಸ. 2020ರ ಹೊತ್ತಿಗೆ ಹುಳುಕಿಲ್ಲದ ಮಕ್ಕಳು ಶೇ 73 ಆದರು.

"ಅದು ಸಾಹುಕಾರ ದೇಶ" ಎನ್ನಬೇಡಿ. ಶೇ 97 ಮಕ್ಕಳಿಗೆ ಹುಳುಕಿದ್ದ ಫಿಲಿಪ್ಪೀನ್ಸ್ ಸರ್ಕಾರಿ ಶಾಲೆಗಳಲ್ಲಿ ಇದೇ ಕೆಲಸ ಮಾಡಿತು: ಮಕ್ಕಳು ಸಾಲಾಗಿ ನಿಂತು ಕೈ ತೊಳೆಯುವುದು, ಹಲ್ಲುಜ್ಜುವುದು. ಅದಕ್ಕೆ ಕಟ್ಟಡ ಬೇಕಾಗಲಿಲ್ಲ, ದಂತವೈದ್ಯರೂ ಬೇಕಾಗಲಿಲ್ಲ.

ನಮ್ಮ ಅಂಗನವಾಡಿಗೆ ಲೆಕ್ಕ ಹಾಕೋಣ. 30 ಮಕ್ಕಳು. 15 ರೂಪಾಯಿಯ ಬ್ರಷ್, ಮೂರು ತಿಂಗಳಿಗೊಂದು. ವರ್ಷಕ್ಕೆ 1,800 ರೂಪಾಯಿ. ಬಟಾಣಿ ಕಾಳಿನಷ್ಟು ಪೇಸ್ಟ್ ಅಂದರೆ ಕಾಲು ಗ್ರಾಂ. 30 ಮಕ್ಕಳಿಗೆ 300 ದಿನಕ್ಕೆ ಎರಡೂಕಾಲು ಕಿಲೋ, ಅಂದರೆ 150 ಗ್ರಾಂನ 15 ಟ್ಯೂಬ್. ಟ್ಯೂಬಿಗೆ 100 ರೂಪಾಯಿ ಅಂದರೂ 1,500. ಒಟ್ಟು 3,300 ರೂಪಾಯಿ. ಒಂದು ಮಗುವಿಗೆ ವರ್ಷಕ್ಕೆ 110 ರೂಪಾಯಿ. ಊರಲ್ಲಿ ಒಂದು ಫ್ಲೆಕ್ಸ್ ಬ್ಯಾನರಿಗೆ ಇದಕ್ಕಿಂತ ಹೆಚ್ಚು ಖರ್ಚಾಗುತ್ತದೆ.

ನಾವು ಕೇಳುವುದು ಇವು:

1. ಪ್ರತಿ ಅಂಗನವಾಡಿಯಲ್ಲಿ ಊಟ ಆದ ಮೇಲೆ ದಿನವೂ ಹಲ್ಲುಜ್ಜಿಸುವುದು. ಬ್ರಷ್ ಮತ್ತು ಪೇಸ್ಟ್ ಇಲಾಖೆಯಿಂದ ಬರಬೇಕು. ಅಂಗನವಾಡಿ ಕಾರ್ಯಕರ್ತೆಗೆ ಈಗಲೇ ಹತ್ತು ರಿಜಿಸ್ಟರ್ ಇವೆ. ಅವರ ತಲೆಗೆ ಪುಕ್ಕಟೆಯಾಗಿ ಇನ್ನೊಂದು ಕಟ್ಟಬೇಡಿ, ಈ ಕೆಲಸಕ್ಕೂ ಗೌರವಧನ ಸೇರಿಸಿ. ಫ್ಲೋರೈಡ್ ಹೆಚ್ಚಿರುವ ಊರುಗಳಲ್ಲಿ ಯಾವ ಪೇಸ್ಟ್, ಎಷ್ಟು ಎಂದು ತಾಲ್ಲೂಕಿನ ದಂತವೈದ್ಯರು ನೀರಿನ ವರದಿ ನೋಡಿ ಬರೆದುಕೊಡಲಿ. ಉಜ್ಜುವುದು ಮಾತ್ರ ನಿಲ್ಲಬಾರದು.

2. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಹುಳುಕು ಹಲ್ಲೂ ಇದೆ. ಅದರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ಬರಬೇಕು. ಬಂದಾಗ ಬಾಯಿ ನೋಡಿ ಚೀಟಿ ಬರೆದು ಹೋದರೆ ಸಾಲದು. ಚೀಟಿ ಸಿಕ್ಕ ಮಗುವಿಗೆ ಚಿಕಿತ್ಸೆ ಆಯಿತೇ ಎಂಬ ಲೆಕ್ಕ ಗ್ರಾಮ ಪಂಚಾಯ್ತಿಗೆ ಬರಲಿ.

3. ಸಿಲ್ವರ್ ಡೈಅಮೈನ್ ಫ್ಲೋರೈಡ್ ಎಂಬ ದ್ರಾವಣವಿದೆ. ಹುಳುಕಿನ ಮೇಲೆ ಹಚ್ಚಿದರೆ ಅದು ಮುಂದೆ ಹರಡುವುದನ್ನು ತಡೆಯುತ್ತದೆ. ಮೆಷಿನ್ ಬೇಡ, ಇಂಜೆಕ್ಷನ್ ಬೇಡ, ಕೆಲವು ನಿಮಿಷ ಸಾಕು. ಹಚ್ಚಿದ ಜಾಗ ಕಪ್ಪಾಗುತ್ತದೆ, ಅದನ್ನು ಮೊದಲೇ ತಾಯಿಗೆ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಇದನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿದೆ. ತಿಂಗಳಿಗೊಮ್ಮೆ ದಂತವೈದ್ಯರು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೇ ಬಂದು ಹಚ್ಚಲಿ. ದಂತ ಕಾಲೇಜುಗಳಿಗೆ ಒಂದೊಂದು ಹೋಬಳಿ ವಹಿಸಿಕೊಟ್ಟರೆ ಇದು ಆಗದ ಕೆಲಸವಲ್ಲ.

4. ಅಂಗನವಾಡಿಯ ಹಾಲು, ಶಾಲೆಯ ರಾಗಿ ಮಾಲ್ಟ್ ಮಕ್ಕಳಿಗೆ ಬೇಕು. ಅವನ್ನು ನಿಲ್ಲಿಸಿ ಎಂದು ಖಂಡಿತ ಹೇಳುತ್ತಿಲ್ಲ. ಸಕ್ಕರೆ, ಬೆಲ್ಲದ ಅಳತೆ ಇಳಿಸಿ, ಕುಡಿದ ಮೇಲೆ ಮಕ್ಕಳಿಗೆ ಒಂದು ಲೋಟ ನೀರು ಕೊಟ್ಟು ಬಾಯಿ ಮುಕ್ಕಳಿಸಲು ಹೇಳಿ.

5. ಕೂಲಿಯ ಹೆಣ್ಣುಮಕ್ಕಳು ಕೆಲಸಕ್ಕೆ ಹೋಗುವ ಹೊತ್ತಿಗೆ ತೆರೆಯುವ ಕೂಸಿನ ಮನೆಗಳು ಬೇಕು. ಬೆಳಗ್ಗೆ ಆರಕ್ಕೆ ಹೋಗುವ ತಾಯಿಗೆ ಒಂಬತ್ತೂವರೆಗೆ ತೆರೆಯುವ ಕೋಣೆಯಿಂದ ಅರ್ಧ ಪ್ರಯೋಜನ ಮಾತ್ರ.

ಅಲ್ಲಿಯವರೆಗೆ ಮನೆಯಲ್ಲಿ

ಸರ್ಕಾರ ಮಾಡುವವರೆಗೆ ಮಗುವಿನ ಹಲ್ಲು ಕಾಯುವುದಿಲ್ಲ. ಆದ್ದರಿಂದ ದುಡ್ಡಿಲ್ಲದೆ ಆಗುವಷ್ಟು ಹೇಳುತ್ತೇವೆ. ಇದನ್ನು ಅಮ್ಮನೊಬ್ಬಳೇ ಮಾಡಬೇಕಿಲ್ಲ. ಅಪ್ಪ, ತಾತ, ಅಕ್ಕ ಯಾರಾದರೂ ಮಾಡಬಹುದು.

ತಿಂಗಳಿಗೊಮ್ಮೆ ಬೆಳಕಿನಲ್ಲಿ ಮಗುವಿನ ಮೇಲ್ತುಟಿ ಎತ್ತಿ ನೋಡಿ. ಒಸಡಿನ ಅಂಚಿನಲ್ಲಿ ಬಿಳಿ ಗೆರೆ ಕಂಡರೆ ಅದೇ ಮೊದಲ ಸೂಚನೆ, ಆಗಲೇ ತೋರಿಸಿ. ಮೊದಲ ಹಲ್ಲು ಬಂದ ದಿನದಿಂದ ಉಜ್ಜಿಸಿ. ಮೂರು ವರ್ಷದೊಳಗೆ ಅಕ್ಕಿ ಕಾಳಿನಷ್ಟು ಪೇಸ್ಟ್, ಆಮೇಲೆ ಆರು ವರ್ಷದವರೆಗೆ ಬಟಾಣಿಯಷ್ಟು, ಉಗುಳಿಸಬೇಕು. ನಿಮ್ಮೂರಿನ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಇದ್ದರೆ ಡಾಕ್ಟರನ್ನು ಕೇಳಿ ಆರಿಸಿ. ಎರಡರಲ್ಲಿ ಒಂದು ಸಲ ಮಾತ್ರ ಆಗುತ್ತದೆ ಎಂದರೆ ರಾತ್ರಿಯದನ್ನು ಬಿಡಬೇಡಿ. ಬಾಟಲಿ ಬಾಯಲ್ಲಿಟ್ಟು ಮಲಗಿಸಬೇಡಿ. ಸಿಹಿ ಕೊಡುವುದಿದ್ದರೆ ಊಟದ ಜೊತೆಗೇ ಕೊಟ್ಟುಬಿಡಿ, ದಿನವಿಡೀ ಸ್ವಲ್ಪ ಸ್ವಲ್ಪವಾಗಿ ಬೇಡ. ಮುಖ ಊದಿದರೆ, ಜ್ವರ ಬಂದರೆ ಮನೆಮದ್ದು ಬಿಟ್ಟು ಆವತ್ತೇ ಆಸ್ಪತ್ರೆಗೆ ಹೋಗಿ.

ಇಷ್ಟು ಮಾಡಿಯೂ ಹುಳುಕಾದರೆ ಅದು ನಿಮ್ಮ ತಪ್ಪಲ್ಲ. ಯಾರಾದರೂ ಬೈದರೆ ತಲೆ ತಗ್ಗಿಸಬೇಡಿ. "ನಮ್ಮ ಪಂಚಾಯ್ತಿಗೆ ಹಲ್ಲಿನ ಡಾಕ್ಟರು ಯಾವ ದಿನ ಬರುತ್ತಾರೆ?" ಎಂದು ತಿರುಗಿ ಕೇಳಿ.

ನಿಮ್ಮ ಗ್ರಾಮ ಪಂಚಾಯ್ತಿ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮ ಸಭೆ ಮಾಡಬೇಕು. ಅಂಗನವಾಡಿಗೆ ಬಾಲ ವಿಕಾಸ ಸಮಿತಿ ಇದೆ. ಊರಿಗೆ ಆರೋಗ್ಯ ಮತ್ತು ನೈರ್ಮಲ್ಯ ಸಮಿತಿ ಇದೆ, ಅದಕ್ಕೆ ಸ್ವಲ್ಪ ಅನುದಾನವೂ ಬರುತ್ತದೆ. ಮುಂದಿನ ಸಭೆಯಲ್ಲಿ ಎದ್ದು ನಿಂತು ಎರಡೇ ಪ್ರಶ್ನೆ ಕೇಳಿ. ನಮ್ಮ ಅಂಗನವಾಡಿಯಲ್ಲಿ ಎಷ್ಟು ಮಕ್ಕಳಿಗೆ ಹುಳುಕು ಹಲ್ಲಿದೆ? ಅವರಲ್ಲಿ ಎಷ್ಟು ಮಕ್ಕಳಿಗೆ ಚಿಕಿತ್ಸೆ ಆಗಿದೆ? ಉತ್ತರ ಬಾಯಿಮಾತಲ್ಲಿ ಬೇಡ, ನಡಾವಳಿ ಪುಸ್ತಕದಲ್ಲಿ ಬರೆಸಿ, ಅದರ ಫೋಟೋ ತೆಗೆದು ನಮಗೆ ಕಳಿಸಿ. ಯಾವ ಊರು ಏನು ಉತ್ತರ ಕೊಟ್ಟಿತು ಎಂದು ಇಲ್ಲೇ ಬರೆಯುತ್ತೇವೆ.